ಅಂಗಿಯ ಗುರುತು

ಅನುಮಾನ ನನ್ನ ಹುಟ್ಟುಗುಣ. ಅಂಗಡಿಯವನು ತಾನಾಗಿ ತೆಂಗಿನಕಾಯಿ ಆರಿಸಿ ಕೊಟ್ಟರೆ, ಅದನ್ನು ಬಿಟ್ಟು ಪಕ್ಕದ್ದನ್ನು ಎತ್ತಿಕೊಳ್ಳುವವಳು ನಾನು. ಇಂಥವಳಿಗೆ ಸಿನಿಮಾ ತೋರಿಸಬಾರದು.

ದೋಣಿಗಲ್ಲಿನ ನಮ್ಮ ತೋಟಕ್ಕೆ ಕಾಫಿ ಕುಯ್ಲಿನಲ್ಲಿ ಕೆಲವು ಹುಡುಗರು ಬಂದು ಕಿರುಚಿತ್ರ ತೆಗೆದುಕೊಂಡು ಹೋದರು. ಪ್ರೇಮದ ಹಾಸ್ಯ. ನಾಯಕ ತನ್ನ ಹುಡುಗಿಯೆಂದುಕೊಂಡು ಅವಳ ಚಿಕ್ಕಮ್ಮನಿಗೆ ಹೂ ಕೊಟ್ಟುಬಿಡುತ್ತಾನೆ. ಹಳೆಯ ನಾಟಕಗಳಲ್ಲಿ ಗುರುತಿಗೊಂದು ಉಂಗುರವಾದರೂ ಇರುತ್ತಿತ್ತು. ನಮ್ಮಲ್ಲಿ ಇರುವುದು ಅಂಗಿ. ಕುಯ್ಲಿಗೆ ಬರುವ ಹೆಂಗಸರೆಲ್ಲ ಸೀರೆಯ ಮೇಲೆ ಗಂಡಸರ ಹಳೇ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿರುತ್ತಾರೆ. ಹಿಂದಿನಿಂದ ಯಾರು ಯಾರೆಂದು ಬ್ರಹ್ಮನೂ ಹೇಳಲಾರ.

ಫೋನಿಗೆ ಬಂದ ಚಿತ್ರ ನೋಡುತ್ತ ಆ ಹುಡುಗನ ಪೆದ್ದುತನಕ್ಕೆ ಬಿದ್ದು ಬಿದ್ದು ನಗುತ್ತಿದ್ದೆ. ತಟ್ಟನೆ ನಗು ನಿಂತಿತು. ಅವನ ಹಿಂದೆ ದೂರದಲ್ಲಿ, ನೆರಳಿಗೆ ನೆಟ್ಟ ಸಿಲ್ವರ್ ಮರದ ಬುಡದಲ್ಲಿ, ನೀಲಿ ಚೌಕಳಿ ಅಂಗಿಯೊಂದು ಬೆನ್ನು ಹಾಕಿ ಕೂತಿತ್ತು. ತಲೆಗೆ ಟವೆಲ್, ಸೊಂಟದ ಕೆಳಗೆ ಕಾಫಿ ಗಿಡ ಮರೆ. ಪಕ್ಕದಲ್ಲೊಬ್ಬ ಹೆಂಗಸು, ಅವಳ ಹೆಗಲ ಮೇಲೆ ಆ ಅಂಗಿಯ ತೋಳು! ಭುಜದ ತೇಪೆ ನಾನೇ ಹಾಕಿದ್ದು. ನಮ್ಮ ಯಜಮಾನರದೇ ಅಂಗಿ. ಮೂವತ್ತು ವರ್ಷದ ಸಂಸಾರ ಮುಗಿದೇ ಹೋಯಿತು ಅನ್ನಿಸಿತು.

ಆಮೇಲೆ ಶುರುವಾಯಿತು ನನ್ನ ಪತ್ತೇದಾರಿ. ಜೀಪಿನ ಸೀಟು ಮೂಸಿದೆ. ಅವರು ಆಲೂರಿಗೆ ಹೋಗಿಬರುತ್ತೇನೆಂದರೆ ಆಲೂರಿನಲ್ಲಿ ಯಾರಿದ್ದಾರೆಂದು ಲೆಕ್ಕ ಹಾಕಿದೆ. ಊಟದ ನಡುವೆ ಅವರು ನಕ್ಕರೂ ಸಂಕಟ, ನಗದಿದ್ದರೂ ಸಂಕಟ. ಕೊನೆಗೆ ತಡೆಯಲಾರದೆ ಫೋನನ್ನೇ ಮುಖಕ್ಕೆ ಹಿಡಿದೆ. "ಯಾರ್ರೀ ಇವ್ಳು?"

ಅವರು ಕನ್ನಡಕ ಹಾಕಿಕೊಂಡು ನೋಡಿದರು. "ಅಯ್ಯೋ ಮಾರಾಯ್ತಿ! ಅಂಗಿ ಹಾಕಿರೋಳು ಆಳುಗಳ ಲೈನ್ ಮನೆ ರತ್ನ, ಪಕ್ಕದಲ್ಲಿರೋಳು ಅವಳ ತಂಗಿ. ಕುಯ್ಲಿಗೆ ಹಾಕ್ಕೊಳ್ಲಿ ಅಂತ ಆ ಅಂಗೀನ ನೀನೇ ಕೊಟ್ಬುಟ್ಟೆ ಕಣೇ!"

ಹೌದು, ಕೊಟ್ಟಿದ್ದೆ. ಹೋದ ಜೀವ ಬಂದಂತಾಗಿ ನಾನು ನಗತೊಡಗಿದೆ. ಅವರು ನಗಲಿಲ್ಲ.

"ಅಂಗಿ ಗುರ್ತು ಸಿಕ್ತು ನಿಂಗೆ. ಅದು ನನ್ ಬೆನ್ನಲ್ಲ ಅಂತ ಗೊತ್ತಾಗ್ಲಿಲ್ವಾ?"

ಇಷ್ಟು ವರ್ಷ ನಾನು ನೋಡಿದ್ದು ಕಾಲರಿನ ಕೊಳೆ, ಕಿತ್ತ ಗುಂಡಿ. ಅಂಗಿಯೊಳಗಿನ ಮನುಷ್ಯ ಹೊರಡುವ ಹೊತ್ತಿಗೆ ನಾನು ಒಲೆಯ ಮುಂದಿರುತ್ತಿದ್ದೆ. ಕನಿಕರ ಹುಟ್ಟಿತು, ಅವರ ಮೇಲೂ, ನನ್ನ ಮೇಲೂ.

ಈಗ ಅವರು ತೋಟಕ್ಕೆ ಹೊರಟರೆ ಬಾಗಿಲಿಗೆ ಬಂದು, ದಾರಿ ತಿರುಗುವವರೆಗೂ ನೋಡುತ್ತೇನೆ. ಎಡ ಭುಜ ಕೊಂಚ ಇಳಿದಿದೆ, ಬೆನ್ನು ತುಸು ಬಾಗಿದೆ. ಬಾಗಿತ್ತು ಅನ್ನಬೇಕು, ಈಚೆಗೆ ನೆಟ್ಟಗಾಗುತ್ತಿದೆ. ನಾನು ನೋಡುತ್ತಿದ್ದೇನೆಂದು ಗೊತ್ತಾಗಿಯೇ ಹಾಗೆ ಸೆಟೆದು ನಡೆಯುತ್ತಾರೆ ಎಂದು ನನಗೆ ಬಲವಾದ ಅನುಮಾನ.