ಅರ್ಧ ಎಣ್ಣೆ ಹಚ್ಚಿದ ಪಿಕಪ್

ನಮ್ಮ ಮನೆ ಉಳಿದವರ ಮನೆಯ ಹಾಗೆಯೇ ಇದ್ದ ಕೊನೆಯ ದಿನ ಎಂದರೆ ದೀಪಾವಳಿಯ ಎಣ್ಣೆಸ್ನಾನದ ದಿನ. ಬೆಳಗ್ಗೆ ಅತ್ತೆ ಎಲ್ಲರನ್ನೂ ಮಣೆಯ ಮೇಲೆ ಕೂರಿಸಿ ತಲೆಗೆ ಎಣ್ಣೆ ಇಟ್ಟಿದ್ದರು. ನಾನು ಮಿಂದು ಬಂದು ಅವಲಕ್ಕಿಗೆ ಬೆಲ್ಲ ಕಲಸುತ್ತಿದ್ದೆ. ನೋಡಿದರೆ ತೆಂಗಿನೆಣ್ಣೆಯ ಬಾಟ್ಲಿ ಇಟ್ಟಲ್ಲಿ ಇಲ್ಲ. ಹುಡುಕುವ ಅಗತ್ಯವಿರಲಿಲ್ಲ. ಅಂಗಳದಲ್ಲಿ ನನ್ನ ಗಂಡ ಒದ್ದೆ ತಲೆಯಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಹಳೆಯ ಲುಂಗಿಯ ತುಂಡಿನಿಂದ ಪಿಕಪ್ಪಿನ ಬಂಪರಿಗೆ ಎಣ್ಣೆ ತಿಕ್ಕುತ್ತಿದ್ದರು.

"ಕೇಳಿ ತಕೊಂಡು ಹೋಗ್ಲಿಕ್ಕೆ ಎಂತ ದಾಡಿ?" ಎಂದೆ.

"ಕೇಳಿದ್ರೆ ನೀನು ಕೊಡುದಿಲ್ಲ ಮಾರಾಯ್ತಿ" ಎಂದರು.

ಜಗಲಿಯಿಂದ ಅತ್ತೆಯೂ ದನಿಗೂಡಿಸಿದರು. "ಎಣ್ಣೆ ಹಚ್ಚಿದ್ದು ಸರಿ. ಅದನ್ನು ಮೀಯಿಸುದು ಯಾರು? ಹಂಡೆಯಲ್ಲಿ ನೀರು ಮುಗಿದಿದೆ."

"ಕಡಬ ದಾರಿಯಲ್ಲಿ ಎಲ್ಲಾದರೂ ಮಳೆ ಸಿಗ್ತದೆ ಅಮ್ಮಾ. ಅಲ್ಲೇ ಮಿಂದು ಬರ್ತದೆ."

ನೀವೂ ನೋಡಿರಬಹುದು, ಬಿಸಿಲಿನಲ್ಲಿ ಓಡುವ ಗಾಡಿಯ ಕಪ್ಪು ಪ್ಲಾಸ್ಟಿಕ್ ಕೆಲವು ವರ್ಷಗಳಲ್ಲೇ ಒಲೆಯ ಬೂದಿ ಮೆತ್ತಿದ ಹಾಗೆ ಬಿಳಚುತ್ತದೆ. ಬಂಪರ್, ಚಕ್ರದ ಮೇಲಿನ ಕಮಾನು, ಕನ್ನಡಿಯ ಗೂಡು, ಬಾಗಿಲಿನ ಹಿಡಿ ಎಲ್ಲಕ್ಕೂ ಒಂದೇ ಗತಿ. ಇವರಿಗೆ ಅದನ್ನು ನೋಡಿದರೆ ಆಗುತ್ತಿರಲಿಲ್ಲ. ಬೆಳ್ಳಾರೆಯಿಂದ ರಬ್ಬರ್ ಶೀಟು, ಬಾಳೆಗೊನೆ, ಮದುವೆಮನೆಯ ಕುರ್ಚಿ ಹೀಗೆ ಸಿಕ್ಕಿದ್ದನ್ನು ಹೇರಿಕೊಂಡು ಪುತ್ತೂರು, ಸುಳ್ಯ, ಕಡಬ ಸುತ್ತುವುದು ಇವರ ಕೆಲಸ. ದುಡ್ಡು ಕೂಡಿಟ್ಟು ಕೊಂಡ ಗಾಡಿ ಮುದಿಯಾದಂತೆ ಕಾಣಬಾರದು ಎಂದು ಇವರ ಹಟ. ಹಾಗಾಗಿ ಹಬ್ಬಕ್ಕೊಮ್ಮೆ ನಮ್ಮೆಲ್ಲರದ್ದಾದ ಮೇಲೆ ಅದಕ್ಕೂ ಎಣ್ಣೆ.

ಎಣ್ಣೆ ಹಚ್ಚಿದ ದಿನ ಬಂಪರ್ ಮದುಮಗನ ತಲೆಯ ಹಾಗೆ ಹೊಳೆಯುತ್ತಿತ್ತು. ಮರುದಿನ ಅದರ ಮೇಲೆ ಊರಿನ ಕೆಂಪು ಧೂಳೆಲ್ಲ ಕೂತಿರುತ್ತಿತ್ತು. ಇರುವೆಗಳು ಸಾಲು ಹಿಡಿಯುತ್ತಿದ್ದವು. ಪೇಟೆಯ ನಾಯಿ ಬಂದು ನೆಕ್ಕಿದ್ದೂ ಉಂಟು. ಗಾಡಿ ನಿಲ್ಲಿಸುವಲ್ಲಿ ಉಳಿದ ಚಾಲಕರು, "ಎಂತ ಮಾರಾಯ, ಬಂಪರಿಗೆ ಒಗ್ಗರಣೆ ಕೊಟ್ಟದ್ದಾ? ಇಲ್ಲಿವರೆಗೆ ಪರಿಮಳ ಬರ್ತದೆ" ಎಂದು ನಗುತ್ತಿದ್ದರಂತೆ. ಬಾಗಿಲಿನ ರಬ್ಬರಿಗೂ ಬಿಡದೆ ತಿಕ್ಕುತ್ತಿದ್ದರು. ರಬ್ಬರಿಗೆ ಎಣ್ಣೆ ಆಗದು ಎಂದು ಇವರಿಗೆ ಗೊತ್ತಿಲ್ಲದ್ದೇನಲ್ಲ. ನಮ್ಮದೇ ರಬ್ಬರ್ ಮರಗಳಿವೆ. ಎಣ್ಣೆ ಮುಟ್ಟಿದ ಕೈಯಲ್ಲಿ ರಬ್ಬರ್ ಹಾಲಿನ ಶೀಟು ಒತ್ತಲು ಹೋದರೆ ನನ್ನನ್ನು ಗದರಿಸುತ್ತಿದ್ದವರು ಇವರೇ. ಅದನ್ನು ನೆನಪಿಸಿದರೆ, "ಅದು ಕೆಲಸ, ಇದು ಹಬ್ಬ" ಎಂದುಬಿಡುತ್ತಿದ್ದರು.

ಆ ದಿನ ಡ್ರೈವರ್ ಬದಿಯಷ್ಟೇ ಮುಗಿದಿತ್ತು. ಬಂಪರಿನ ನಡುವಿಗೆ ಬರುವಾಗ ಅತ್ತೆ ಅವಲಕ್ಕಿಗೆ ಕರೆದರು. ತಿನ್ನುವಷ್ಟರಲ್ಲಿ ನೆರೆಯವರು ಬಂದರು, ಮಾತು ಬೆಳೆಯಿತು, ಬಿಸಿಲೇರಿತು. "ಆ ಬದಿ ನಾಳೆ" ಎಂದು ಬಟ್ಟೆಯನ್ನು ಗಾಡಿಯ ಹಿಂದಕ್ಕೆ ಎಸೆದರು.

ಮರುದಿನ ಶೀಟು ಹೇರಿಕೊಂಡು ಸುಳ್ಯಕ್ಕೆ ಹೋದರು. ಅಂಗಡಿಯಲ್ಲಿ ಶೀಟು ಇಳಿಸಿ ಆದಮೇಲೆ ಗೋಣಿಯ ಮೇಲೆ ಕೂತು ನೀರು ಕೇಳಿದರಂತೆ. ಆಸ್ಪತ್ರೆ ಮುಟ್ಟುವಾಗ ಜೀವ ಇರಲಿಲ್ಲ. ಸಂಜೆ ಗಾಡಿಯನ್ನು ಬೇರೆ ಯಾರೋ ಓಡಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿ ಹೋದರು.

ಅದು ನಿಂತ ರೀತಿ ಹೇಗಿತ್ತೆಂದರೆ, ದಾರಿಯಿಂದ ಬರುವವರಿಗೆ ಬಿಳಚಿದ ಬದಿ ಕಾಣುತ್ತಿತ್ತು. ಅಡುಗೆಮನೆಯಿಂದ ನೋಡುವ ನನಗೆ ಎಣ್ಣೆ ಹಚ್ಚಿದ ಬದಿ. ಮನೆಗೆ ಬಂದವರ ಗಲಾಟೆಯೆಲ್ಲ ಮುಗಿದ ಮೇಲೆ ನನಗೆ ಒಂದೇ ಯೋಚನೆ ಹಿಡಿಯಿತು. ಇವರ ಕೈಯ ಕೊನೆಯ ಕೆಲಸ ಆ ಕಪ್ಪು. ಬಿಸಿಲು ಅದನ್ನು ತಿನ್ನಬಾರದು. ಮಳೆನೀರು ತಾಗದಂತೆ ರಬ್ಬರ್ ಮರಕ್ಕೆ ಕಟ್ಟಿ ಉಳಿದ ಪ್ಲಾಸ್ಟಿಕ್ ಹಾಳೆ ತಂದು ಆ ಬದಿಗೆ ಕಟ್ಟಿದೆ. ಗಾಳಿಗೆ ಬಿಚ್ಚಿಹೋದರೆ ಮತ್ತೆ ಕಟ್ಟಿದೆ. ಗಾಡಿಯನ್ನೇ ಮಾಡಿನಡಿಗೆ ಸರಿಸಬಹುದಿತ್ತು ಎಂದು ನಿಮಗೆ ಅನಿಸಬಹುದು. ಪಕ್ಕದ ಮನೆಯಲ್ಲಿರುವ ಮೈದುನನಿಗೆ ಹೇಳಿದ್ದರೆ ಒಂದು ಗಳಿಗೆಯ ಕೆಲಸ. ಏನೆಂದು ಹೇಳುವುದು? ಎಣ್ಣೆಗೆ ನೆರಳು ಬೇಕು ಎಂದೇ? ಹಾಳೆ ಯಾಕೆಂದು ಅತ್ತೆ ಒಮ್ಮೆಯೂ ಕೇಳಲಿಲ್ಲ.

ಮುಂದಿನ ದೀಪಾವಳಿ ನಮ್ಮ ಮನೆಯನ್ನು ದಾಟಿಕೊಂಡು ಹೋಯಿತು. ಹಬ್ಬದ ಮರುದಿನವೇ ಇವರ ವರ್ಷಾಂತಿಕ. ಅದು ಮುಗಿದ ಮೇಲೆ ಮೈದುನ ಗಾಡಿಯ ಮಾತು ತೆಗೆದ. ಆಗಾಗ ಸ್ಟಾರ್ಟ್ ಮಾಡಿ ಇಡುತ್ತಿದ್ದವನು ಅವನೇ. ಬಾಡಿಗೆಗೆ ಓಡಿಸಲು ಒಬ್ಬ ಚಾಲಕ ಒಪ್ಪಿದ್ದಾನೆ, ಆದರೆ ಬಾಗಿಲಿನ ರಬ್ಬರ್ ಹಾಳಾಗಿ ಮಳೆನೀರು ಒಳಗೆ ಇಳಿದಿದೆ, ಮೊದಲು ಅದನ್ನು ಸರಿಮಾಡಬೇಕು ಎಂದ. ಪುತ್ತೂರಿನಿಂದ ಹೊಸ ರಬ್ಬರನ್ನೂ, ಬಿಳಚಿದ ಪ್ಲಾಸ್ಟಿಕ್ಕಿಗೆ ಹಚ್ಚುವ ಕಪ್ಪು ದ್ರಾವಣದ ಬಾಟ್ಲಿಯನ್ನೂ ತಂದಿದ್ದ.

ಹಾಳೆ ಬಿಚ್ಚಿದ. ನಾನು ಕಾದಿಟ್ಟ ಕಪ್ಪು ಅಲ್ಲಿರಲಿಲ್ಲ. ಎಣ್ಣೆ ಧೂಳು ಹಿಡಿದು ಕಂದು ಅಂಟಾಗಿತ್ತು. ಬಾಗಿಲಿನ ರಬ್ಬರ್ ಉಬ್ಬಿ ಮೆತ್ತಗಾಗಿತ್ತು. ಬಂಪರಿನ ನಡುವೆ ಇವರ ಬಟ್ಟೆ ನಿಂತ ಗೆರೆ ಮಾತ್ರ ಹಾಗೇ ಉಳಿದಿತ್ತು.

"ಅತ್ತಿಗೆ, ಮೊದಲು ಈ ಹಳೆ ಎಣ್ಣೆ ಪೂರ ಹೋಗ್ಬೇಕು. ಇದರ ಮೇಲೆ ಹಚ್ಚಿದ್ರೆ ನಿಲ್ಲುದಿಲ್ಲ."

"ಆ ಬದಿ ಮಾತ್ರ ಮಾಡು. ಈ ಬದಿ ಹೀಗೇ ಇರಲಿ."

"ಒಂದು ಬದಿ ಮಾಡಿ ಬಿಡುದಾ? ಹಾಗೆ ಎಲ್ಲಿಯಾದರೂ…" ಎಂದವನು ನನ್ನ ಮುಖ ನೋಡಿ ಬಾಟ್ಲಿಯ ಮುಚ್ಚಳ ತಿರುಗಿಸುತ್ತಾ ನಿಂತ.

ಜಗಲಿಯಲ್ಲಿದ್ದ ಅತ್ತೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಬಕೆಟಿನಲ್ಲಿ ಬಿಸಿನೀರು ತಂದರು. ಅಂಟುವಾಳಕಾಯಿ ಕಿವುಚಿದ ನೊರೆ ಅದರಲ್ಲಿ ತುಂಬಿ ಬಂದಿತ್ತು.

"ಅಮ್ಮಾ, ನನ್ನತ್ರ ಶಾಂಪೂ ಉಂಟು" ಎಂದ ಮೈದುನ.

"ಅದನ್ನು ನಿನ್ನ ತಲೆಗೆ ಇಟ್ಕೋ" ಎಂದು ಅವರು ನನ್ನ ಕಡೆ ತಿರುಗಿದರು. "ಅವನು ಎಣ್ಣೆ ಹಚ್ಚಿ ಹೋದದ್ದು ಮಗಳೇ. ಮೀಯಿಸದೆ ಬಿಟ್ಟದ್ದು ನಾವು. ಎಣ್ಣೆ ಮೈಯಲ್ಲೇ ಬಿಡುವ ಕ್ರಮ ಎಲ್ಲಿ ಉಂಟು?"

ಬಟ್ಟೆ ಅದ್ದಿ ಹಿಂಡಿ ನನ್ನ ಕೈಗೆ ಕೊಟ್ಟರು. ತಾವೂ ಒಂದು ತುಂಡು ಹಿಡಿದು ಚಕ್ರದ ಹತ್ತಿರ ಕೂತರು. ಮಗನ ತಲೆ ತಿಕ್ಕಿದಷ್ಟೇ ನಿಧಾನ. ನಾನು ಬಾಗಿಲಿನಿಂದ ಹಿಡಿದು ಬಂಪರಿಗೆ ಬಂದೆ. ಆ ಗೆರೆಯ ಹತ್ತಿರ ಕೈ ನಿಂತಿತು. ಅತ್ತೆ ನನ್ನ ಕಡೆ ನೋಡಲೂ ಇಲ್ಲ, ಅವಸರ ಮಾಡಲೂ ಇಲ್ಲ. ಕೊನೆಗೆ ನಾನೇ ಉಜ್ಜಿದೆ. ಕಂದು ನೀರು ಅಂಗಳದಲ್ಲಿ ಹರಿದು ತುಳಸಿಯ ಕಟ್ಟೆಯ ಬುಡದವರೆಗೆ ಹೋಯಿತು. ಒಣಗಿದ ಮೇಲೆ ಎರಡು ಬದಿಯೂ ಒಂದೇ ಬೂದಿಬಣ್ಣ. ಇವರು ಹಚ್ಚಿದ್ದು ಯಾವುದೆಂದು ನನಗೂ ಗುರುತಾಗಲಿಲ್ಲ.

ಮೈದುನ ಗಾಡಿಯ ಬಣ್ಣಕ್ಕೆ ತಾಗದಂತೆ ಅಂಚಿಗೆಲ್ಲ ಟೇಪು ಅಂಟಿಸಿ, ಸ್ಪಂಜಿನಲ್ಲಿ ತೆಳ್ಳಗೆ ಕಪ್ಪು ಹಚ್ಚಿದ. ಎರಡೂ ಬಾಗಿಲಿಗೆ ಹೊಸ ರಬ್ಬರ್ ಹಾಕಿದ. ಉಬ್ಬಿದ ಹಳೆಯ ರಬ್ಬರನ್ನು ಎಸೆಯಲು ಹೋದವನು, ಏನೆನಿಸಿತೋ, ಸುತ್ತಿ ಅಟ್ಟಕ್ಕೆ ಹಾಕಿದ.

ಈಗ ಪಿಕಪ್ ಮತ್ತೆ ಓಡುತ್ತಿದೆ. ಚಾಲಕ ಒಳ್ಳೆಯವನು, ಸಂಜೆ ತಂದು ಮಾಡಿನಡಿಯಲ್ಲಿ ನಿಲ್ಲಿಸುತ್ತಾನೆ. ಬಂಪರ್ ಕಪ್ಪಗಿದೆ, ಕೈಗೆ ಅಂಟುವುದಿಲ್ಲ, ಇರುವೆ ಬರುವುದಿಲ್ಲ, ಮಳೆ ಬಂದರೂ ಹೋಗುವುದಿಲ್ಲ. ಇವರು ನೋಡಿದ್ದರೆ ಆ ಕಪ್ಪು ದ್ರಾವಣದ ಬಾಟ್ಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಗಾಡಿ ಕಂಡರೆ ಮೊದಲಿನ ಹಾಗೆ ಹಾಳೆ ಕಟ್ಟಲು ಓಡುವುದಿಲ್ಲ. ಒಲೆಯ ಪಕ್ಕದ ಎಣ್ಣೆಯ ಬಾಟ್ಲಿ ಇಟ್ಟಲ್ಲೇ ಇರುತ್ತದೆ. ಅದನ್ನು ಕೇಳದೆ ಒಯ್ಯುವವರು ಮನೆಯಲ್ಲಿ ಇಲ್ಲ.