ಪಾವಣ್ಯಾರ ಕೆಳಗಿನ ಚಾದರ

ಹೋದ ರವಿವಾರ ಅಕ್ಕಲಕೋಟದ ಸತ್ಕಾರ ಸಮಾರಂಭದಾಗ ಅತಿಥಿಯಾಗಿ ಬಂದ ಮುಖ್ಯ ಪಾವಣ್ಯಾರನ್ನ ನಾ ಸೋಫಾದಿಂದ ಎಬ್ಬಿಸೀನಿ. ತುಂಬಿದ ಸಭಾದಾಗ. ಮೈಕೂ ಚಾಲೂ ಇತ್ತು.

ಬೈಬ್ಯಾಡ್ರಿ. ಮೊದಲ ಕೇಳ್ರಿ.

ಈ ಸಲ ಸಮಾಜಸೇವಾ ಪುರಸ್ಕಾರ ನಮ್ಮ ಓಣಿ ಗಂಗವ್ವಗ ಬಂತು. ಹನ್ನೂರ, ತಡವಳ ಕಡೆಯಿಂದ ಸೊಲ್ಲಾಪುರದ ದೊಡ್ಡ ದವಾಖಾನಿಗೆ ಒಂಟಿಯಾಗಿ ಬಂದ ಪೇಷಂಟ್ ಜೋಡಿ ಆಕಿ ರಾತ್ರಿ ಇರತಾಳ. ಮಲಗೂದು ವರಾಂಡದ ಫರಸಿ ಕಲ್ಲಿನ ಮ್ಯಾಲ. ಥಂಡಿ ಎಲುಬಿಗೇ ಹತ್ತತೈತಿ.

"ಚಾದರ ಹೊಚ್ಚತಾರಲ್ಲಬೇ, ಇನ್ನ ನನ್ನ ಸೊಂಟ ಉಳೀತು" ಅಂತ ವಾರಗಟ್ಟಲೆ ಹಿಗ್ಗಿದ್ಲು.

ಆಕಿದೇನು ತಪ್ಪು? ಪುರಸ್ಕಾರ ಶುರುವಾಗಿದ್ದ ಚಾದರದಿಂದ. ನಾ ಸೊಸಿಯಾಗಿ ಬಂದಾಗ ಇಲ್ಲೊಬ್ಬಾಕಿ ಸೂಲಗಿತ್ತಿ ಇದ್ಲು. ಚಳ್ಯಾಗ ನಡುಗಕೋತ ಮನಿಮನಿಗೆ ಓಡತಿದ್ಲು. ಮಂದಿ ಕೂಡಿ ಸೊಲ್ಲಾಪುರದ ದಪ್ಪ ಚಾದರ ತಂದು ಹೊಚ್ಚಿದ್ರು. ಭಾಷಣ? "ಬೆಚ್ಚಗಿರು ಯವ್ವಾ." ಮುಗೀತು. ಮುಂದಿನ ವರ್ಷ ಇನ್ನೊಬ್ಬರಿಗೆ, ಹಂಗ ನಡೀತು.

ಆಮ್ಯಾಲ ಕಮಿಟಿ ಬಂತು. ಬ್ಯಾನರ್ ಬಂತು. ಚಾದರ ಹೋಗಿ ಶಾಲು ಬಂತು (ಉಳ್ಳಾಗಡ್ಡಿ ಸಿಪ್ಪಿ ಇದಕ್ಕಿಂತ ದಪ್ಪ). ಅದರ ಜೋಡಿ ಒಂದು ಗಾಜಿನ ಟ್ರೋಫಿ.

ಸ್ಟೇಜಿನ ಮ್ಯಾಲ ಗಂಗವ್ವ ಆ ಶಾಲನ್ನ ಎರಡು ಬೆರಳಾಗ ಹಿಡಿದು ನೋಡಿದ್ಲು. ಆಮ್ಯಾಲ ನನ್ನ ನೋಡಿದ್ಲು. ಊಟಕ್ಕ ಕರದು ಬರೇ ಚಹಾ ಕೊಟ್ಟವರ ಮನ್ಯಾಗ ಕುಂತಂಗಿತ್ತು ಮಾರಿ.

ಆಗ ನನಗ ಕಂಡಿದ್ದು ಪಾವಣ್ಯಾರ ಸೋಫಾ. ಅದರ ಮ್ಯಾಲ ಹೊಚ್ಚ ಹೊಸಾ ಚಾದರ! ಸೇವಾ ಮಾಡಿದವರ ಹೆಗಲ ಮ್ಯಾಲಿದ್ದದ್ದು ದೊಡ್ಡವರ ಕುಂಡಿ ಕೆಳಗ ಇಳದೈತಿ. ಇಷ್ಟ ನೋಡ್ರಿ ನಮ್ಮ ಪುರಸ್ಕಾರದ ಇತಿಹಾಸ.

ಸ್ಟೇಜ್ ಹತ್ತಿದೆ. "ಏಳ್ರಿ ಸಾಹೇಬರ."

"ಕಾಯ ಝಾಲಂ, ಆಜಿ?" ಏನಾತು ಅಂತ ಮರಾಠ್ಯಾಗ ಕೇಳಿದ್ರು ಅವರು ಗಾಬರ್ಯಾಗಿ.

"ನಿಮಗೇನೂ ಆಗಿಲ್ಲ. ನಿಮ್ಮ ಕೆಳಗಿಂದು ಬೇಕಾಗೈತಿ."

ಕಮಿಟಿ ಅಧ್ಯಕ್ಷ ಓಡಿಬಂದ. "ಆಜಿ, ಅದು ಡೆಕೋರೇಶನ್‌ದು!"

"ಡೆಕೋರೇಶನ್‌ಗೆ ಇದನ್ನ ಹಾಸು" ಅಂತ ಶಾಲು ಅವನ ಕೈಯಾಗ ಇಟ್ಟೆ.

ಪಾವಣ್ಯಾರು ಪಾಪ, ನಕ್ಕೋತ ಎದ್ದು ಚಾದರದ ಒಂದು ತುದಿ ತಾವ ಹಿಡಿದ್ರು. ಇಬ್ಬರೂ ಕೂಡಿ ಗಂಗವ್ವಗ ಹೊಚ್ಚಿದ್ವಿ. ಲೈಟಿನ ಝಳಕ್ಕ ಬೆವರು ಇಳದ್ರೂ ಆಕಿ ತೆಗೀಲಿಲ್ಲ. ಊಟಾನೂ ಅದರಾಗ. (ಟ್ರೋಫಿ ಈಗ ಆಕಿ ಬಾಗಿಲಾ ಬಡೀದಂಗ ಅಡ್ಡ ಕುಂತೈತಿ.) ಬುಧವಾರ ದವಾಖಾನಿಯಿಂದ ಬಂದಾಗ ಸೊಂಟದ ಸುದ್ದೀನ ತೆಗೀಲಿಲ್ಲ.

ನಿನ್ನೆ ಸಂತ್ಯಾಗ ಅಧ್ಯಕ್ಷ ಸಿಕ್ಕಿದ್ದ. "ಆಜಿ, ಮುಂದಿನ ವರ್ಷ ಪುರಸ್ಕಾರ ನಿಮಗ. ಆದ್ರ ಕೈ ಮುಗೀತೀನಿ, ಸುಮ್ಮ ಕುಂದರಬೇಕು" ಅಂದ.

"ನನಗ ಯಾಕ? ಆ ಸೋಫಾ ಭಾಳ ಮೆತ್ತಗಿತ್ತು, ದವಾಖಾನಿ ವರಾಂಡಕ್ಕ ಯಾವಾಗ ಕಳಸ್ತೀ?"