ಒಂಟಿ ಟ್ಯೂಬಾಗೆ ಒಂದು ಬಿಂದಿಗೆ ನೀರು

ಒಂಬತ್ತನೇ ಸಲದ ರೆಕಾರ್ಡಿಂಗ್ ತಪ್ಪಿಲ್ಲದೆ ಕೊನೆಯ ಸ್ವರಕ್ಕೆ ಬಂದಿತ್ತು, ಸ್ನೇಹಿತರೇ. ಅಷ್ಟರಲ್ಲಿ ಪಕ್ಕದ ಮನೆಯ ಗಂಗಜ್ಜಿ ತುಂಬಿದ ಬಿಂದಿಗೆ ಹಿಡಿದು ನಮ್ಮ ಜಗಲಿಯ ಮುಂದೆ ಬಂದು ನಿಂತರು.

"ದ್ಯಾವ್ರೆಲ್ಲಪ್ಪ? ನೀನೊಬ್ನೇ ಮುಂದಕ್ ಬಂದ್ಬುಟ್ಯಾ?"

ನಮ್ಮ ಮಧುಗಿರಿ ಕಡೆ ದೇವರ ಮೆರವಣಿಗೆ ಬಂದರೆ ಬಾಗಿಲಲ್ಲಿ ದೇವರು ಹೊತ್ತವರ ಕಾಲಿಗೆ ನೀರು ಹಾಕುತ್ತಾರೆ. ಬ್ಯಾಂಡ್ ಸೆಟ್‌ನಲ್ಲಿ ಟ್ಯೂಬಾ ಅನ್ನೋ ದಪ್ಪ ದನಿಯ ದೊಡ್ಡ ಹಿತ್ತಾಳೆ ವಾದ್ಯ ಊದುವ ನಾನು ಇಪ್ಪತ್ತು ವರ್ಷದಿಂದ ಆ ದೇವರ ಮುಂದೆ ನಡೆದವನು. ಹಾಡೆಲ್ಲ ಕ್ಲಾರಿನೆಟ್‌ನವರದು, ನನ್ನದು ಬರೀ ಭೋಂ ಭೋಂ. ಟ್ಯೂಬಾ ಒಂದಕ್ಕೇ ಬರೆದ ಹೊಸ ಕೃತಿಗಳನ್ನು ಬೆಂಗಳೂರಿನ ಸಂಗೀತ ಮೇಷ್ಟ್ರೊಬ್ಬರು ರೆಕಾರ್ಡ್ ಮಾಡಿ ಕಳಿಸಿ ಎಂದಿದ್ದರು, ಅದಕ್ಕೆ ಇವತ್ತೇ ಕೊನೆಯ ದಿನ.

"ದ್ಯಾವ್ರಿಲ್ಲ ಅಜ್ಜಿ, ಇದು ನಾನೇ ಕಟ್ಟಿದ್ ಹಾಡು" ಎಂದೆ.

"ಇದ್ರಾಗೆ ಹಾಡೂ ಬತ್ತೈತಾ? ಇಷ್ಟ್ ದಿನ ಯಾಕ್ಲಾ ಊದ್ನಿಲ್ಲ?"

ಅಜ್ಜಿ ಕುಳಿತು ಮೊದಲಿಂದ ಊದಿಸಿ, ಪೂರ್ತಿ ಕೇಳಿದರು. ಆಮೇಲೆ "ತಂದ್ ನೀರು ವಾಪಸ್ ತಕಂಡೋಗ್ಬಾರ್ದು ಕಣ್ಲಾ" ಎಂದು ಬಿಂದಿಗೆಯನ್ನು ನನ್ನ ಕಾಲಿಗೇ ಸುರಿದರು.

ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ; ಅಜ್ಜಿಯ ಮಾತು, ನೀರಿನ ಸದ್ದು ಎಲ್ಲ ಸೇರಿದ ಅದನ್ನೇ ಮೇಷ್ಟ್ರಿಗೆ ಕಳಿಸಿದ್ದೇನೆ. ಪ್ಯಾಂಟ್ ಇನ್ನೂ ಒಣಗಿಲ್ಲ. ನನಗೂ ಅವಸರವಿಲ್ಲ.